ಹೊಲಿಗೆಮಾಳಿಗೆಯ ಗಾಳಿ

ಕಣ್ಣಿಗೆ ಕಾಣದ್ದಕ್ಕೆ ದಾರಿ ಹಾಕಿಕೊಡುವುದು ಸಾಕ್ಷಿಯ ಕಸುಬು. ಲಗ್ನದ ಮಂಟಪ, ಹೋಟೆಲು, ದವಾಖಾನೆ, ದೊಡ್ಡ ಅಂಗಡಿ, ಹೀಗೆ ಹತ್ತಾರು ಜನ ಒಂದೇ ಸೂರಿನ ಕೆಳಗೆ ಕೂಡುವ ಕಡೆ ಗಾಳಿ ಎಷ್ಟು ಬರಬೇಕು, ಎಷ್ಟು ಬೆಚ್ಚಗಿರಬೇಕು, ಯಾವ ಗೋಡೆಯಿಂದ ಹೊಕ್ಕು ಯಾವ ಗೋಡೆಯಿಂದ ಹೊರಬೀಳಬೇಕು ಎಂದು ಲೆಕ್ಕ ಹಾಕಿ ನಕಾಶೆ ಬರೆಯುತ್ತಾಳೆ. ಬೆಳಗಾವಿಯ ಆಟೋ ನಗರದಲ್ಲಿ ಅಯಾಜನ ತಗಡಿನ ಪತ್ರಾ ಕಾರ್ಖಾನೆಯ ಮೇಲಿನ ಕೋಣೆಯೇ ಅವಳ ಆಫೀಸು. ಮೇಲೆ ಅವಳು ಗೆರೆ ಎಳೆದದ್ದನ್ನು ಕೆಳಗೆ ಅವನು ತಗಡಿನಲ್ಲಿ ಕತ್ತರಿಸಿ, ಮಡಿಸಿ, ಬಡಿದು ಕೂಡಿಸುತ್ತಾನೆ.

ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಒಮ್ಮೊಮ್ಮೆ ಅವಳಿಗೆ ಮಂತ್ರಕ್ಕಿಂತ ಮೊದಲು ತನ್ನ ಉಸಿರೇ ಕೇಳಿಸುತ್ತದೆ. ಒಳಗೆ ಹೋಗುವಾಗ ತಣ್ಣಗೆ, ಹೊರಗೆ ಬರುವಾಗ ಬೆಚ್ಚಗೆ. ಇದಕ್ಕೆ ಯಾರು ಲೆಕ್ಕ ಹಾಕಿದರು, ಯಾವ ಮೋಟರು ತಿರುಗುತ್ತಿದೆ? ನಿದ್ದೆಯಲ್ಲಿಯೂ ಕೈಬಿಡದೆ ನಡೆಸುವವನು ಯಾರು? ಅಷ್ಟು ದೊಡ್ಡ ಕೆಲಸದ ಮುಂದೆ ತಾನು ಮಾಡುವುದು ಮಕ್ಕಳ ಮಣ್ಣಾಟ ಅನ್ನಿಸುತ್ತದೆ. ಹಾಗೆಂದು ಆಟವನ್ನು ಹಗುರ ಮಾಡಿದವಳಲ್ಲ.

ಖಾನಾಪುರದ ಗಂಗಾದೇವಿಯವರ ಕೆಲಸ ಬಂದದ್ದು ಬೇಸಿಗೆಯಲ್ಲಿ. ಪೇಟೆಯಲ್ಲಿ ಅವರದು ಹೆಸರಾದ ಬಟ್ಟೆ ಅಂಗಡಿ. ಕೆಳಗೆ ಸೀರೆಗಳ ಮಾರಾಟ, ಮೇಲಿನ ಮಾಳಿಗೆಯಲ್ಲಿ ಜಂಪರು ಹೊಲಿಯುವ ಹೆಂಗಸರು. ಮಳೆಗಾಲ ಶುರುವಾಯಿತೆಂದರೆ ಆ ಊರಿನ ಥಂಡಿ ನೂಲಿನೊಳಗೇ ಇಳಿಯುತ್ತದೆ. ಕಪಾಟಿನ ರೇಷ್ಮೆಗೆ ಬೂಷ್ಟು ಹಿಡಿಯುತ್ತದೆ, ಹೊಲಿಯುವವರ ಬೆರಳು ಸೆಟೆಯುತ್ತವೆ. "ನನ್ನ ಸೀರಿಗೂ ನನ್ನ ಮಂದಿಗೂ ಒಂದೀಟು ಬೆಚ್ಚಗ ಮಾಡಿಕೊಡವಾ" ಎಂದಿದ್ದರು ಗಂಗಾದೇವಿ.

ಸಾಕ್ಷಿ ಮಾಡಿದ್ದು ಇಷ್ಟು. ಮಾಳಿಗೆಯ ಪೂರ್ವದ ಗೋಡೆಗೆ ತಗಡಿನ ಪಟ್ಟಿಗಳ ಒಂದು ಕಂಡಿ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಬಂದು, ಹೀಟರಿನ ಪೆಟ್ಟಿಗೆಯಲ್ಲಿ ಕಾದು, ಸೂರಿನ ಕೆಳಗೆ ಓಡುವ ಪತ್ರಾ ಕೊಳವೆಯ ಬಾಯಿಗಳಿಂದ ಎಲ್ಲರ ತಲೆಯ ಮೇಲೆ ಇಳಿಯುತ್ತದೆ. ಎದುರಿನ ಪಶ್ಚಿಮದ ಗೋಡೆಯಲ್ಲಿ ದೊಡ್ಡದೊಂದು ಎಕ್ಸಾಸ್ಟ್ ಫ್ಯಾನು. ಬಳಸಿ ಹಳಸಿದ ಗಾಳಿಯನ್ನು ಅದು ಹೊರಗೆ ನೂಕುತ್ತದೆ. ಮನುಷ್ಯನಿಗೆ ಮೂಗಿನ ಹೊಳ್ಳೆ ಇದ್ದಂತೆ ಕಟ್ಟಡಕ್ಕೆ ಒಂದು ಒಳಗೆಳೆಯಲು, ಒಂದು ಹೊರಬಿಡಲು.

ಯಂತ್ರ ಹಚ್ಚಿ ಕೆಲವೇ ದಿನಕ್ಕೆ, ಹೊಲಿಗೆಯವರಲ್ಲಿ ಹಿರಿಯಳಾದ ಕಾಡವ್ವ ಫೋನು ಮಾಡಿದಳು.

"ಮೇಡಮ್ಮಾರ, ಮಾಳಿಗಿ ಮ್ಯಾಲ ಗಾಳಿ ಐತ್ರಿ."

"ಇರಬೇಕಲ್ರೀ ಮತ್ತ! ಅದಕ್ಕ ಅಲ್ಲೇನು ಇಷ್ಟೆಲ್ಲಾ ಮಾಡಿದ್ದು?"

"ಅಂದ್ರ... ನೀವ ಹಚ್ಚೀರೇನ್ರಿ ಅದನ್ನ?"

"ನಾನ ಹಚ್ಚೇನಿ. ಯಾಕ, ಬಾಳ ಆಗೇತೇನು?"

"ಬಾಳ ಆಗೇತ್ರಿ ಯವ್ವಾ. ಸಂಜಿ ಮುಂದ ಅಳತೈತಿ."

ಕೆಳಗೆ ಅಯಾಜನ ಸುತ್ತಿಗೆ ಪತ್ರಾದ ಮೇಲೆ ಬೀಳುತ್ತಿತ್ತು. ಸಾಕ್ಷಿಗೆ 'ಇಳಿತೈತಿ' ಎಂದು ಕೇಳಿಸಿತು. "ಇಳಿದ್ರ ಇಳೀಲಿ ಬಿಡ್ರಿ. ನಾಕ ದಿನಾ ಆದ್ರ ರೂಢಿ ಆಗತೈತಿ. ಯಾರೂ ಅದಕ್ಕ ಕೈ ಹಚ್ಚಬ್ಯಾಡ್ರಿ ಮತ್ತ."

"ಶಿವಾ ಶಿವಾ! ಯಾರ ಹಚ್ಚತಾರ್ರೀ ಅದಕ್ಕ ಕೈ!"

ಸಾಕ್ಷಿ ನಗುತ್ತ ಫೋನಿಟ್ಟಳು. ಅವಳ ತಲೆಯಲ್ಲಿ ಇದ್ದದ್ದು ಬೀಸುವ ಗಾಳಿ. ಕಾಡವ್ವ ಹೇಳಿದ್ದು ಹಿಡಿಯುವ ಗಾಳಿ, ಹುಣಸೆಮರದ ಕೆಳಗೆ ಸೋಕಿ ಮೈಮೇಲೆ ಬರುವಂಥದ್ದು. ಒಂದೇ ಮಾತು ಇಬ್ಬರ ನಡುವೆ ಎರಡು ದಾರಿ ಹಿಡಿದು ಹೋಯಿತು, ಇಬ್ಬರಿಗೂ ತಿಳಿಯಲಿಲ್ಲ.

ಮಳೆ ಜೋರು ಹಿಡಿದ ಮೇಲೆ ಒಂದು ಮುಂಜಾನೆ ಗಂಗಾದೇವಿಯವರದೇ ಫೋನು ಬಂತು. ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಸಾಕ್ಷಿ, ನಿಮ್ಮ ಡಬ್ಬಿ ಕಿತ್ತುಕೊಂಡು ಹೋಗ್ರಿ. ನಿನ್ನಿ ನಮ್ಮ ಸಮೃದ್ಧಿ ಮಷಿನ್ ಮ್ಯಾಲ ತಲಿ ಇಟ್ಟು ಬಿದ್ದಳು. ತುಂಬಿದ ಬಸುರಿ ಆಕಿ."

ಸಾಕ್ಷಿ ಎದ್ದು ನಿಂತಳು. "ಈಗ ಹೆಂಗದಾಳ್ರಿ?"

"ಎಬ್ಬಿಸಿ ಹೊರಗ ಕುಂದ್ರಿಸಿದ ಮ್ಯಾಲ ಕಣ್ಣು ತಗದ್ಳು. ಆದರ ನನ್ನ ಹೆಂಗಸರು ಆಕಿ ಇದ್ರ ನಾವು ಪಾವಟಗಿ ಹತ್ತೂದಿಲ್ಲ ಅಂತ ಹಟಾ ಹಿಡದಾರ. ಗಾಳಿ ಆಕಿ ಬಸಿರು ಹುಡಿಕ್ಕೊಂಡ ಬಂದೈತಿ ಅಂತಾರ. ಆ ಹುಡುಗಿ ಕೆಲಸಾ ಬಿಡಸಾಕ ನನಗರ ಮನಸ್ಸು ಎಲ್ಲೈತಿ? ಆಕಿ ಮನ್ಯಾಗ ಒಲಿ ಹತ್ತೂದು ಆಕಿ ಹೊಲಿಗಿಯಿಂದ. ಹಿಂಗಾಗಿ ನಿಮ್ಮ ಡಬ್ಬೀನ ಕೀಳೂದು ಚಲೋ."

"ಅಕ್ಕಾರ, ಉಳಿದವ್ರಿಗೂ ಏನರ ತ್ರಾಸ ಐತೇನು?"

"ಎಲ್ಲಾರೂ ತಲಿನೋವು, ವಾಂತಿ ಬಂದಂಗ ಆಗತೈತಿ ಅಂತಾರ. ಮನಿಗೆ ಹೋದ್ರ ಕಡಿಮಿ ಆಗತೈತಂತ. ಅದಕ್ಕ ಅಲ್ಲೇನು, ಇದು ಜಾಗಾದ್ದ ಐತಿ ಅನ್ನೂದು?"

ಅಲ್ಲಿ ಕೂತರೆ ನೋವು, ಎದ್ದು ಹೋದರೆ ಇಲ್ಲ. ಅಂಥದ್ದಕ್ಕೆ ಒಂದು ಹೆಸರಿದೆ ಎಂದು ಸಾಕ್ಷಿಗೆ ಗೊತ್ತಿತ್ತು. ಬೆಂಕಿ ಉಸಿರು ಸಾಲದೆ ಉರಿದಾಗ ಹುಟ್ಟುವ ವಿಷ. ಬಣ್ಣವಿಲ್ಲ, ವಾಸನೆಯಿಲ್ಲ, ಬಸುರಿಯನ್ನೂ ಹೊಟ್ಟೆಯ ಕೂಸನ್ನೂ ಎಲ್ಲರಿಗಿಂತ ಮೊದಲು ಹಿಡಿಯುತ್ತದೆ. ಆದರೆ ತನ್ನ ಹೀಟರಿನಲ್ಲಿ ಬೆಂಕಿಯೇ ಇಲ್ಲ, ಅದು ಕರೆಂಟಿನದು. ಬೆಂಕಿ ಎಲ್ಲಿಂದ ಬಂತು?

"ನಾ ಬರೂತನಕ ಯಾರನ್ನೂ ಮ್ಯಾಲ ಕಳಸಬ್ಯಾಡ್ರಿ. ಸಮೃದ್ಧೀನ ಮಾತ್ರ ಅಲ್ಲ, ಯಾರನ್ನೂ."

ಅಯಾಜ ತನ್ನ ಟೆಂಪೋ ತೆಗೆದ. ಊರು ದಾಟಿ ಖಾನಾಪುರದ ರಸ್ತೆಗೆ ಬಿದ್ದ ಮೇಲೆ ಅವನು ಮಾತಿಗೆ ಶುರು ಮಾಡಿದ.

"ಮೇಡಂ, ನಿಮಗ ಖಾನಾಪುರದಾಗ ಭಾರಿ ಹೆಸರು ಬಂದೈತಿ. ಬೆಳಗಾವಿ ಮೇಡಮ್ಮು ಪತ್ರಾ ಡಬ್ಬಿಯೊಳಗ ಗಾಳಿ ತುಂಬಿ ಗಂಗಾದೇವಿ ಅಕ್ಕಾರ ಮಾಳಿಗ್ಯಾಗ ಇಟ್ಟಾರಂತ. ಕೇಳಿದ್ರ, ಹೌದು ನಾನ ಹಚ್ಚೇನಿ, ನಾಕ ದಿನಾ ಆದ್ರ ರೂಢಿ ಆಗತೈತಿ ಅಂದ್ರಂತ! ಅಲ್ಲೇ ಇರೂ ನನ್ನ ಸಾಡೂ, ನಮ್ಮಾಕಿ ತಂಗಿ ಗಂಡ, ಹೇಳಿದ. ಡಬ್ಬಿ ಬಡದಾಂವ ನಾ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಮೊದಲ ನಮ್ಮಾಕಿ ನನಗ ಶೈತಾನ ಅಂತಾಳ."

ಸಾಕ್ಷಿಗೆ ಆಗ ಫೋನಿನ ಮಾತು ಒಂದೊಂದಾಗಿ ತಿರುಗಿ ಬಂತು. ಗಾಳಿ ಐತ್ರಿ. ನೀವ ಹಚ್ಚೀರೇನ್ರಿ. ಅಳತೈತಿ. ನಗು ಉಕ್ಕಿ ಬಂತು, ಅಯಾಜನೂ ಸ್ಟಿಯರಿಂಗು ಬಡಿದು ನಕ್ಕ. ಆದರೆ ಅವಳ ನಗು ಅರ್ಧಕ್ಕೇ ನಿಂತಿತು.

"ಅಯಾಜಣ್ಣ, ಆಕಿ ಅವತ್ತ ಹೇಳಾಕ ಬಂದಿದ್ಳು. ನಾ ಕೇಳಲಿಲ್ಲ."

ಅಯಾಜ ಟೆಂಪೋದ ವೇಗ ಹೆಚ್ಚಿಸಿದ.

ಅಂಗಡಿಯ ಹಿಂದಿನ ಪಾವಟಿಗೆಯ ಬುಡದಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಅವರಿಂದ ಬೇರೆಯಾಗಿ, ಶಟರಿನ ಹತ್ತಿರದ ಕಟ್ಟೆಯ ಮೇಲೆ ಸಮೃದ್ಧಿ ಹೊಟ್ಟೆಗೆ ಕೈ ಆನಿಸಿ ಕೂತಿದ್ದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದರು. ಗುಂಪಿನ ನಡುವೆ ಶಾಹಜಾದಿ ಎಂಬ ಹೊಲಿಗೆಯವಳು ಲೋಬಾನದ ಮಣ್ಣಿನ ಪಾತ್ರೆಯಲ್ಲಿ ಕೆಂಡ ಊದುತ್ತಿದ್ದಳು. ಗಾಳಿ ಬಿಡಿಸುವುದಕ್ಕೆ ಊರಲ್ಲಿ ಎಲ್ಲ ಮನೆಯವರೂ ನಂಬುವ ಹೊಗೆ ಅದು. ಅವಳ ತಾಯಿ ಅದನ್ನು ಮನೆ ಮನೆಗೆ ಹಾಕಿ ಬರುವವಳು.

ಕಾಡವ್ವ ಸಾಕ್ಷಿಯನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ರಿ ಮೇಡಮ್ಮಾರ. ನೀವು ಹಚ್ಚಿದ್ದನ್ನ ನಾವು ಬಿಡಸಾಕ ಹತ್ತೇವಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಿಲ್ಲ ಮೌಶಿ. ಅದು ಹೆಂಗ ಮಾಡತೈತಿ, ನನಗೂ ಹೇಳ್ರಿ."

ಹಾಗೆ ಕೇಳುವರೆಂದು ಕಾಡವ್ವ ಎಣಿಸಿರಲಿಲ್ಲ. ದನಿ ತಾನೇ ಇಳಿಯಿತು. "ಮೊದಮೊದಲು ಆ ಪಟ್ಟಿ ಕಂಡ್ಯಾಗ ಕುಂತು ಅಳತಿತ್ರಿ, ಹಡೆಯೂ ಹೆಣಮಗಳ ಹಂಗ. ಬಂದೋಬಸ್ತ ಮಾಡಿದ್ವಿ. ಅಳೂದು ನಿಂತಿತು. ಆದ್ರ ಅದಕ್ಕ ಸಿಟ್ಟು ಬಂತು. ಬಾಗಲಾ ಎಳದ್ರ ಒಳಗಿಂದ ಯಾರೋ ಹಿಡದಂಗ. ಇಬ್ಬರು ಜಗ್ಗಬೇಕು. ಬಿಟ್ರ ಧಡ್ ಅಂತ ತಾನ ಬಡೀತೈತಿ. ತಲಿ ಸಿಡೀತಾವ. ಈಗ ಈ ಹುಡುಗಿ."

ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದನ್ನು ಒಳಗಿನಿಂದ ಎಳೆದು ಹಿಡಿಯುವ ಶಕ್ತಿ ಒಂದೇ, ಒಳಗೆ ಗಾಳಿ ಸಾಲದೆ ಇರುವುದು. ಸಾಕ್ಷಿ ಲೋಬಾನದ ಪಾತ್ರೆಯನ್ನೇ ನೋಡುತ್ತ ನಿಂತಳು.

"ಶಾಹಜಾದಿ, ಈ ಹೊಗಿ ನಾನೂ ನೋಡಬೇಕು. ದಿನಾ ಹೆಂಗ ಕೆಲಸಾ ನಡೀತೈತಿ ಹಂಗ ಎಲ್ಲಾ ಶುರು ಮಾಡೂಣು. ಫ್ಯಾನು, ಹೀಟರು, ಇಸ್ತ್ರಿ, ಎಲ್ಲಾ. ಉಳಿದವರು ಒಳಗ ಬಾಗಲದ ಹತ್ರನ ನಿಂದರ್ರಿ. ಬಾಗಲಾ ದಿನದಂಗ ಮುಚ್ಚಿರಲಿ, ನಾ ಅಂದ ಕೂಡಲೇ ತಗೀರಿ."

"ನೀವೂ ನಂಬತೀರೇನ್ರಿ ಇದನ್ನ?" ಕಾಡವ್ವ ಕೇಳಿದಳು.

"ಹೊಗಿ ಎತ್ತ ಹೋಗತೈತಿ, ಗಾಳಿ ಅತ್ತ ಹೊಂಟೈತಿ ಅಂತ ನಂಬತೇನಿ."

"ಮತ್ತ ನಾವೇನು ಬ್ಯಾರೆ ಹೇಳಿದ್ವಿ?" ಎಂದು ಕಾಡವ್ವ ಸೆರಗು ಸಿಕ್ಕಿಸಿಕೊಂಡು ಮೊದಲು ಹತ್ತಿದಳು.

ಶಾಹಜಾದಿ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ ಚೆಲ್ಲಿದಳು. ಬಿಳಿ ಹೊಗೆ ಎದ್ದಿತು. ಮಾಡಿನ ಗಾಜಿನ ಹೆಂಚೊಂದರಿಂದ ಬೆಳಕಿನ ಕೋಲು ಇಳಿದಿತ್ತು. ಹೊಗೆ ಆ ಬೆಳಕಿಗೆ ಬಂದಾಗ ಅದರ ಒಂದೊಂದು ಎಳೆಯೂ ಕಂಡಿತು. ಬಾಗಿಲಲ್ಲಿ ಗುಜುಗುಜು ನಿಂತಿತು. ಹುಟ್ಟಿದಂದಿನಿಂದ ಮೂಗಿನಲ್ಲಿ ಎಳೆದುಕೊಂಡದ್ದನ್ನು, ಜೀವಮಾನವಿಡೀ ತಾವು ಮುಳುಗಿದ್ದ ಗಾಳಿಯನ್ನು ಅವರು ಮೊದಲ ಸಲ ಕಣ್ಣಿನಿಂದ ನೋಡುತ್ತಿದ್ದರು. ಸಾಕ್ಷಿಯೂ ಅಷ್ಟೇ. ಎಷ್ಟೋ ನಕಾಶೆಗಳಲ್ಲಿ ನೀಲಿ ಬಾಣ ಎಳೆದು ಗಾಳಿಯ ದಾರಿ ತೋರಿಸಿದ್ದವಳು, ಆ ಬಾಣ ಹೀಗೆ ಜೀವ ತಳೆದು ಹೊಯ್ದಾಡುವುದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಪೂರ್ವದ ಗೋಡೆಯ ಹತ್ತಿರ ಹೊಗೆ ಹೋಗಿ ನಿಂತಿತು. ಕೊಳವೆಯ ಬಾಯಿಗಳ ಕೆಳಗೆ ಅಲುಗದೆ ನಿಂತಿತು. ಅಲ್ಲಿ ಏನೂ ಇಳಿಯುತ್ತಿರಲಿಲ್ಲ.

"ಇನ್ನೊಂದೀಟು ಮುಂದ ನಡಿ," ಎಂದಳು ಸಾಕ್ಷಿ. ಶಾಹಜಾದಿ ಮಾಳಿಗೆಯ ಹಿಂದಿನ ಮೂಲೆಗೆ ಹೋದಳು. ಅಲ್ಲೊಂದು ಹಲಗೆಯ ಅಡ್ಡಗೋಡೆ. ಅದು ನಕಾಶೆಯಲ್ಲಿ ಇರಲಿಲ್ಲ. ಅದರ ಹತ್ತಿರ ಬಂದದ್ದೇ ಹೊಗೆ ತಟ್ಟನೆ ಬಾಗಿತು, ಯಾರೋ ಉಫ್ ಎಂದು ಮುಖಕ್ಕೆ ಊದಿದಂತೆ ಹಿಂದೆ ಬಂತು. ಶಾಹಜಾದಿ "ಯಾ ಅಲ್ಲಾ" ಎಂದು ಎರಡು ಹೆಜ್ಜೆ ಸರಿದಳು. ಬಾಗಿಲಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು.

"ಅಲ್ಲೇ ಐತಿ," ಕಾಡವ್ವ ಪಿಸುಗುಟ್ಟಿದಳು. "ನಾ ಹೇಳಿದ್ನಿಲ್ಲೋ!"

ಸಾಕ್ಷಿ ಮೂಗಿಗೆ ದುಪಟ್ಟಾ ಹಿಡಿದು ಹಲಗೆಯ ಹಿಂದೆ ಇಣುಕಿದಳು. ಇಸ್ತ್ರಿಗೆ ಉಗಿ ಕೊಡುವ ಗ್ಯಾಸಿನ ಬಾಯ್ಲರು ಅಲ್ಲಿ ಉರಿಯುತ್ತಿತ್ತು. ಅದರ ಹೊಗೆಯ ಪೈಪು ಮಾಡು ದಾಟಿ ಮೇಲೆ ಹೋಗಿತ್ತು. ಮೇಲೆ ಹೋಗಬೇಕಾದ ಹೊಗೆ ಹೋಗುತ್ತಿರಲಿಲ್ಲ. ಪೈಪು ಕೆಳಗಿನ ಕಡೆಗೆ ಉಸಿರು ಬಿಡುತ್ತಿತ್ತು.

"ಗ್ಯಾಸ ಬಂದ ಮಾಡ್ರಿ! ಎಲ್ಲಾರೂ ಹೊರಗ, ಎಲ್ಲಾರೂ!" ಎಂದು ಅವಳು ಕಿರುಚಿದಳು. ಅಯಾಜ ಗ್ಯಾಸಿನ ಗುಂಡಿ ತಿರುವಿ, ಕಿಟಕಿಗಳ ಚಿಲಕ ಒಂದೊಂದಾಗಿ ಬಡಿದು ತೆರೆದ. ಬಟ್ಟೆ ತೊಯ್ಯುವುದೆಂದು ಮುಚ್ಚಿದ್ದ ಕಿಟಕಿಗಳಿಂದ ಮಳೆಯ ಎರಚಲು ನುಗ್ಗಿತು. ಕತ್ತರಿಸಿಟ್ಟ ಜಂಪರಿನ ತುಂಡುಗಳು ತೊಯ್ದವು, ಯಾರೂ ತಡೆಯಲಿಲ್ಲ.

ಹೊರಗೆ ನಿಂತು ಗಂಗಾದೇವಿ ಹೇಳಿದರು: "ಆ ಬಾಯ್ಲರು ಹಿತ್ತಲದಾಗ ಇತ್ತವಾ. ಇಸ್ತ್ರಿ ಮಾಡಾಕಿ ಮಳ್ಯಾಗ ತೊಯ್ಸಕೊಂಡು ನಿಂದರತಾಳ ಅಂತ ನಾನ ಮ್ಯಾಲ ತರಿಸಿದೆ. ಪೈಪು ಹಾಕಿಸಿದ್ವಲ್ಲಾ, ಹೊಗಿ ಹೊರಗ ಹೋಗತೈತಿ ಅನಕೊಂಡ್ವಿ."

"ಹೋಗತಿತ್ತು ಅಕ್ಕಾರ. ಮಾಳಿಗಿಗೆ ಒಳಗ ತಗೊಳ್ಳಾಕ ಬ್ಯಾರೆ ಗಾಳಿ ಇದ್ದಿದ್ರ ಹೋಗತಿತ್ತು." ಸಾಕ್ಷಿ ಕಾಡವ್ವನ ಕಡೆ ತಿರುಗಿದಳು. "ಮೌಶಿ, ಬಂದೋಬಸ್ತ ಮಾಡಿದ್ವಿ ಅಂದ್ರಿ. ಏನ ಮಾಡಿದ್ರಿ?"

ಕಾಡವ್ವ ಸೆರಗಿನ ಅಂಚು ತಿರುವಿದಳು. "ನೀವು ಕೈ ಹಚ್ಚಬ್ಯಾಡ್ರಿ ಅಂದಿದ್ರಿ. ಕೈ ಹಚ್ಚಲಿಲ್ರಿ. ಅದರ ಬಾಯಿ ಮುಚ್ಚಿದ್ವಿ."

ಒಳಗಿನ ಗಾಳಿ ತಿಳಿಯಾದ ಮೇಲೆ ಕಿಟಕಿ ಮತ್ತೆ ಮುಚ್ಚಿ ನೋಡಿದರೆ, ಹೀಟರಿನ ಪೆಟ್ಟಿಗೆಯ ಹಿಂದೆ ಪಟ್ಟಿ ಕಂಡಿಗೆ ಕೌದಿಗಳನ್ನು ಮಡಿಸಿ ಮಡಿಸಿ ತುರುಕಿದ್ದರು. ಅವರವರ ಮನೆಯಿಂದ ತಂದ ಕೌದಿಗಳು. ಅಜ್ಜಿಯರ ಹಳೆ ಇಳಕಲ್ಲು ಸೀರೆ, ಕೂಸುಗಳ ಹರಿದ ಅಂಗಿ ಕೂಡಿಸಿ ಹೊಲಿದವು. ಮೇಲೆ ದೃಷ್ಟಿ ತೆಗೆಯುವ ಬಿಬ್ಬಾಕಾಯಿ ಕಟ್ಟಿದ್ದರು. ಸಾಕ್ಷಿ ಒಂದು ಪಟ್ಟಿಗೆ ಬೆರಳು ಹಚ್ಚಿ ನೋಡಿದಳು. ಪಟ್ಟಿಗಳ ನಡುವಿನ ಸಂದು ತೀರ ಕಿರಿದು. ಮಳೆ ಬರಬಾರದೆಂದು ತಾನೇ ಹಾಗೆ ಬರೆದಿದ್ದಳು. ಸಂಜೆಯ ಗಾಳಿ ಅದರಲ್ಲಿ ಹಾಯುವಾಗ ಕೊಳಲಿನ ಹಾಗೆ ಊಳಿಡದೆ ಏನು ಮಾಡೀತು? ಒಬ್ಬರ ಸಂದು ಕಿರಿದಾಗಿ, ಇನ್ನೊಬ್ಬರು ಅಂಜಿ ಮುಚ್ಚಿ, ಮತ್ತೊಬ್ಬರು ಕರುಣೆಯಿಂದ ಬೆಂಕಿ ಒಳಗೆ ತಂದು, ಎಲ್ಲ ಕೂಡಿ ಒಂದು ಕೂಸಿನ ಉಸಿರಿಗೆ ಬಂದಿತ್ತು. ಫ್ಯಾನು ಮಾತ್ರ ತನಗೆ ಹೇಳಿದ ಕೆಲಸ ಮಾಡುತ್ತಿತ್ತು. ಹೊರಗೆ ನೂಕುತ್ತಲೇ ಇತ್ತು. ಮನೆಗೆ ಉಸಿರು ಬೇಕೇ ಬೇಕು. ಮೂಗು ಮುಚ್ಚಿದರೆ ಅದು ಹೊಗೆಯ ಪೈಪಿನಿಂದಲೇ ಎಳೆದುಕೊಂಡಿತು.

"ಕಾಡವ್ವ ಮೌಶಿ, ನೀವು ಹೇಳಿದ್ದು ಖರೇ ಇತ್ತು. ಗಾಳಿ ಇತ್ತು, ಕೆಟ್ಟದ್ದ ಇತ್ತು. ಆದರ ಅದು ಸಮೃದ್ಧೀನ ಹುಡಿಕ್ಕೊಂಡ ಬಂದಿದ್ದಲ್ಲ. ಎಲ್ಲಾರ ಮೈಯಾಗೂ ಹೊಕ್ಕಿತ್ತು. ಆಕಿ ಒಬ್ಬಾಕಿ ಇಬ್ಬರ ಸಲುವಾಗಿ ಉಸಿರು ತಗೋತಾಳ, ಅದಕ್ಕ ಮೊದಲು ಬಿದ್ದಳು. ಆಕಿ ಬೀಳದ ಇದ್ದಿದ್ರ ನಮಗ ಯಾರಿಗೂ ತಿಳೀತಿರಲಿಲ್ಲ."

ಕಾಡವ್ವ ಕೌದಿಯ ತುದಿ ಹಿಡಿದು ಎಳೆದಳು. ಒಂದು ಬಂತು, ಎರಡನೆಯದು ಬಂತು. ಕೊನೆಯದನ್ನು ಕಿತ್ತದ್ದೇ ಶಾಹಜಾದಿಯ ಪಾತ್ರೆಯ ಹೊಗೆ, ಅಷ್ಟು ಹೊತ್ತು ಗೊತ್ತುಗುರಿಯಿಲ್ಲದೆ ತೂಗಾಡುತ್ತಿದ್ದದ್ದು, ಒಮ್ಮೆಲೇ ಎದ್ದು ತಿರುಗಿತು. ಪೂರ್ವದಿಂದ ಮೆಲ್ಲನೆ ತಳ್ಳಿದಂತೆ ಹೊಲಿಗೆಯ ಯಂತ್ರಗಳ ಮೇಲೆ ಹಾಯ್ದು, ಒಂದೊಂದು ಖಾಲಿ ಸ್ಟೂಲನ್ನೂ ಮುಟ್ಟಿ, ಎದುರಿನ ಗೋಡೆಯ ಕಡೆ ಸಾಲಾಗಿ ನಡೆಯಿತು. ಫ್ಯಾನಿನ ಹತ್ತಿರ ಚಿಕ್ಕದಾಗಿ ಸುತ್ತಿ ಹೊರಗೆ ಹೋಯಿತು. ಮಳೆಯ ತಂಪೂ ಹೀಟರಿನ ಬೆಚ್ಚನೆಯೂ ಕೂಡಿ, ಎಲ್ಲರ ಹಣೆಯ ಮೇಲೆ ಏನೋ ಇಳಿಯಿತು.

ಸಾಕ್ಷಿಯ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಇದನ್ನು ತಾನು ಮಾಡಿದ್ದಲ್ಲ, ಅಡ್ಡ ಬಂದದ್ದನ್ನು ಸರಿಸಿದ್ದಷ್ಟೇ ಎಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅನ್ನಿಸಿರಲಿಲ್ಲ. ಶಾಹಜಾದಿಯ ತುಟಿಗಳು ಅಲುಗುತ್ತಿದ್ದವು. ಕಾಡವ್ವ ಕೌದಿಯನ್ನು ಎದೆಗೆ ಅವುಚಿಕೊಂಡು, ಹೊಗೆ ಹೋದ ದಾರಿಯನ್ನೇ ನೋಡುತ್ತಿದ್ದಳು.

ಅಯಾಜ ಮಾತ್ರ ಮೆಲ್ಲಗೆ, "ಮೇಡಂ, ಡಬ್ಬಿ ಬಡದಾಂವ ನಾ ಅಂತ ಈಗ ಹೇಳಬಹುದು," ಎಂದ. ಹೆಂಗಸರು ನಕ್ಕರು, ಕಣ್ಣು ಒರೆಸಿಕೊಂಡೂ ನಕ್ಕರು.

ಅದೇ ಟೆಂಪೋದಲ್ಲಿ ಸಮೃದ್ಧಿಯನ್ನು ಬೆಳಗಾವಿಯ ದವಾಖಾನೆಗೆ ಕರೆತಂದರು. ಗಂಗಾದೇವಿ ಜೊತೆಗಿದ್ದರು. ಯಾರೂ ಕರೆಯದಿದ್ದರೂ ಕಾಡವ್ವ ಹಿಂದೆ ಹತ್ತಿ ಕೂತಳು. ದವಾಖಾನೆಯಲ್ಲಿ ರಕ್ತ ನೋಡಿ, ಮುಖಕ್ಕೆ ಆಕ್ಸಿಜನ್ನಿನ ಮುಸುಕು ಹಾಕಿ ಮಲಗಿಸಿದರು. ಆಮೇಲೆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರದ ಗುಂಡಿ ಇಟ್ಟರು. ಮೊದಲು ಸರಸರ ಸದ್ದು. ಗುಂಡಿ ಸರಿಸಿದರು. ಆಮೇಲೆ ಕೋಣೆಯ ತುಂಬ ಕೇಳಿಸಿತು, ಅವಸರದ, ಸಣ್ಣ, ಬಿಡುವಿಲ್ಲದ ಬಡಿತ.

"ಕೂಸು ಗಟ್ಟಿ ಐತಿ. ಆದರೂ ಎರಡ ದಿನಾ ಇಲ್ಲೇ ಇರಲಿ, ನೋಡೂಣು," ಎಂದರು ಡಾಕ್ಟರಮ್ಮ.

ಮುಸುಕಿನ ಒಳಗೆ ಸಮೃದ್ಧಿಯ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಕಾಡವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಇನ್ನೂ ಮೂಗಿಗೆ ಗಾಳಿ ತಗೊಂಡಿಲ್ಲ," ಎಂದಳು ತನ್ನಷ್ಟಕ್ಕೆ, "ಹೆಂಗ ಓಡಾಕ ಹತ್ತೈತಿ ನೋಡ್ರಿ."

ಬಾಯ್ಲರು ಹಿತ್ತಲಿಗೆ ಹೋಯಿತು, ಈ ಸಲ ಪತ್ರಾದ ಮಾಡು ಹೊದೆದುಕೊಂಡು. ಅಯಾಜ ಅಗಲ ಸಂದಿನ ಹೊಸ ಪಟ್ಟಿಗಳನ್ನು ಬಡಿದ. ಕಂಡಿ ಮುಚ್ಚಿದರೆ ಫ್ಯಾನು ತಿರುಗದಂತೆ ಸಾಕ್ಷಿ ವೈರು ಹಾಕಿಸಿದಳು. ವಿಷದ ಹೊಗೆ ಬಂದರೆ ಕೂಗುವ ಚಿಕ್ಕ ಪೆಟ್ಟಿಗೆಯೊಂದನ್ನು ಗೋಡೆಗೆ ಹಚ್ಚಿಸಿದಳು. ಮಾಳಿಗೆ ಮತ್ತೆ ತೆರೆಯುವ ದಿನ ಅವಳೂ ಬಂದಿದ್ದಳು. ಯಂತ್ರ ಹಚ್ಚಿದರು. ಗಾಳಿ ಅಳಲಿಲ್ಲ. ಅದು ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ ನಡೆಯಿತು.

ಆದರೂ ಹೆಂಗಸರು ಪಾವಟಿಗೆಯ ಬುಡದಲ್ಲೇ ನಿಂತರು. ಡಾಕ್ಟರಮ್ಮ ಹೇಳಿದ ವಿಶ್ರಾಂತಿ ಮುಗಿಸಿ ಸಮೃದ್ಧಿ ಬಂದಿದ್ದಳು. ಶಟರಿನ ಹತ್ತಿರದ ಕಟ್ಟೆಯ ಕಡೆಗೆ ತಾನೇ ಸರಿಯುತ್ತಿದ್ದಳು. ಒಬ್ಬಳು, "ಹಡೆಯೂತನಕ ಬಿಟ್ಟಿದ್ರ ಚಲೋ ಇತ್ತೇನೋ," ಎಂದಳು, ಕೇಳಿಸಬಾರದೆಂದೂ ಕೇಳಿಸಲೆಂದೂ.

ಕಾಡವ್ವ ಅವಳ ಕಡೆ ಹೊರಳಿದಳು. "ಬಾಯಿ ಮುಚ್ಚು. ಆಕಿ ಬಿದ್ದದ್ದಕ್ಕ ನೀ ನಿಂತೀ." ಕಟ್ಟೆಯ ಹತ್ತಿರ ಹೋಗಿ ಸಮೃದ್ಧಿಯ ಕೈ ಹಿಡಿದಳು. "ಏಳವಾ. ಸಾವಕಾಶ ಹತ್ತು."

ಮೇಲೆ, ಕೊಳವೆಯ ಮೊದಲ ಬಾಯಿಯ ಕೆಳಗೆ ಕಾಡವ್ವನದೇ ಯಂತ್ರವಿತ್ತು. ಎಷ್ಟೋ ವರುಷದಿಂದ ಆ ಜಾಗ ಅವಳದು, ಯಾರಿಗೂ ಬಿಟ್ಟವಳಲ್ಲ. ಅವಳು ತನ್ನ ಬಾಬಿನ್ನು, ಕತ್ತರಿ, ಚೀಲ ಎತ್ತಿ ಹಿಂದಿನ ಸ್ಟೂಲಿನ ಮೇಲಿಟ್ಟಳು.

"ಇಲ್ಲಿ ಕುಂದರು. ಗಾಳಿ ಇಲ್ಲಿಗೆ ಮೊದಲ ಬರತೈತಿ."

ಸಮೃದ್ಧಿ ಕೂತಳು. ಹಣೆಯ ಮೇಲಿನ ಕೂದಲು ಒಂದೀಟು ಅಲುಗಿತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು, ಆಮೇಲೆ ಬಟ್ಟೆ ಕೈಗೆತ್ತಿಕೊಂಡಳು. ಉಳಿದವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಯಂತ್ರಗಳ ಮುಂದೆ ಕೂತರು.